ಕಲ್ಲೆಮ್ಮೆ ಬೀಳುವ ತನಕ

ಶಿಗ್ಗಾಂವಿ ಬಸ್‌ಸ್ಟ್ಯಾಂಡಿನ ನಳದ ಕೆಳಗೆ ತಿಕ್ಕಿ ತಿಕ್ಕಿ ತೊಳೆದರೂ ಶೈಲಶ್ರೀಯ ಬೆರಳುಗಳಿಂದ ಆಯಿಯ ವಾಸನೆ ಹೋಗಲಿಲ್ಲ. ಔಡಲೆಣ್ಣೆ, ಬೆನ್ನಿನ ಹುಣ್ಣಿಗೆ ಉದುರಿಸುವ ಪುಡಿ, ಹಳೆ ಸೀರೆ ಹರಿದು ಮಾಡಿದ ಬಟ್ಟೆಗಳ ಹಸಿ, ಎಲ್ಲ ಸೇರಿ ಉಗುರಿನ ಸಂದಿಯಲ್ಲಿ ಕೂತಿದ್ದವು. ಬಾಟಲಿ ಹಿಡಿದು ಹಿಂದೆ ನಿಂತಿದ್ದ ಹೆಂಗಸು, “ಆತೇನವಾ? ಇಲ್ಲೇ ಜಳಕಾ ಮಾಡಾಕಿಯೇನ?” ಅಂದಾಗ ನಾಚಿಕೆಯಾಗಿ ಸರಿದು ನಿಂತಳು. ಮುಂಜಾನೆ ಚಿಕ್ಕೇರೂರಿನಲ್ಲಿ ಬಸ್ಸು ಹತ್ತಿಸುವಾಗ ಅವ್ವ ರೊಟ್ಟಿಯ ಗಂಟನ್ನು ತೊಡೆಯ ಮೇಲೆ ಇಟ್ಟು, ಕಿಟಕಿಯ ಸರಳು ಹಿಡಿದು, “ನಾ ಫೋನ್ ಮಾಡೂತನಕಾ ಬರಬ್ಯಾಡ” ಎಂದಿದ್ದಳು. ಫೋನು ಯಾವುದಕ್ಕೆ ಬರುತ್ತದೆ ಎಂದು ಶೈಲಶ್ರೀ ಕೇಳಲಿಲ್ಲ. ಅವ್ವನೂ ಹೇಳಲಿಲ್ಲ. ಬಸ್ಸು ಹೊರಟಾಗ ಅವ್ವ ಸರಳಿನಿಂದ ಕೈ ತೆಗೆದದ್ದು ಎಷ್ಟು ತಡವಾಗಿತ್ತೆಂದರೆ, ಕಂಡಕ್ಟರ್ ಬೈದ.

ಆಯಿ ಸಾಯಲಿ ಎಂದು ಶೈಲಶ್ರೀಯನ್ನು ಊರು ದಾಟಿಸಿದ್ದರು. ಇಷ್ಟು ಸರಳವಾಗಿ ಯಾರೂ ಅಂದಿರಲಿಲ್ಲ; ಬಸ್ಸಿನಲ್ಲಿ ಕೂತ ಮೇಲೆ ತಾನೇ ಆ ಮಾತನ್ನು ಹೀಗೆ ಜೋಡಿಸಿಕೊಂಡು, ಜೋಡಿಸಿದ ಮೇಲೆ ಅದರ ಕಡೆ ನೋಡಲಾರದೆ ಕಿಟಕಿಯ ಕಡೆ ನೋಡಿದ್ದಳು. ಆಯಿ, ಅಪ್ಪನ ತಾಯಿ ಮಂಜವ್ವ, ನೆಲ ಹಿಡಿದು ವರ್ಷಗಳಾಗಿದ್ದವು. ಮೊದಲು ಕಾಲು ಹೋದವು, ಆಮೇಲೆ ಮಾತು. ಈಗ ಒಂದು ವಾರದಿಂದ ಗಂಟಲಿನಲ್ಲಿ ಗೊರಗೊರ ಶುರುವಾಗಿ, ಇವತ್ತು ಹೋಗುತ್ತಾಳೆ ನಾಳೆ ಹೋಗುತ್ತಾಳೆ ಎಂದು ಓಣಿಯವರೆಲ್ಲ ಬಂದು ಕೂತು ಎದ್ದುಹೋಗಿದ್ದರು. ಜೀವ ಯಾವುದರ ಮೇಲೋ ಸಿಕ್ಕಿಕೊಂಡಿದೆ ಎಂದು ಹೊಲದ ಮಣ್ಣನ್ನು ನೀರಿನಲ್ಲಿ ಕದಡಿ ತುಟಿಗೆ ಹಚ್ಚಿದರು. ಹೂರಣದ ಕಡುಬು ಮಾಡಿ ನಾಲಿಗೆಗೆ ಮುಟ್ಟಿಸಿದರು. ಹಂಸಭಾವಿಯಿಂದ ಅವಳ ತಂಗಿಯನ್ನು ಕರೆಸಿ ಕೈಯಲ್ಲಿ ಕೈ ಇಡಿಸಿದರು. ಗೊರಗೊರ ನಿಲ್ಲಲಿಲ್ಲ. ಕೊನೆಗೆ ಪಕ್ಕದ ಮನೆಯ ಗೌಸಬಿ, ಓಣಿಯಲ್ಲಿ ಯಾರ ಕೊನೆಗಾಲಕ್ಕೂ ತಲೆದೆಸೆಗೆ ಕೂತವಳು, ಅವ್ವನನ್ನು ಅಡುಗೆ ಮನೆಗೆ ಕರೆದಳು. ಮೆಲ್ಲಗೆ ಮಾತಾಡಿದರೂ ಅವಳ ದನಿ ಪಡಸಾಲೆಗೆ ಕೇಳುತ್ತದೆ. “ಸುಶೀಲವ್ವ, ಮುದುಕಿ ಜೀವಾ ಮಣ್ಣಿನ ಮ್ಯಾಲೂ ಇಲ್ಲ, ಮಗನ ಮ್ಯಾಲೂ ಇಲ್ಲ. ಈ ಹುಡುಗಿ ಮ್ಯಾಲ ಕುಂತೈತಿ. ಯಾರು ಹಾಕಿದ್ರೂ ನೀರು ಇಳಿಯಂಗಿಲ್ಲ, ಈಕಿ ಕೈಲೆ ಇಳೀತದ. ನೀನ ನೋಡೀಯಲ್ಲ. ಒಂದ್ ದಿನ ಊರು ದಾಟಸ್ರಿ. ಕಣ್ಣ ಮುಂದ ಇಲ್ಲಂದ್ರ ತಾನ ಬಿಡ್ತದ.” ಅಪ್ಪ ಗೋಡೆಯ ಮೇಲಿನ ಬುದ್ಧನ ಪಟದ ಕಡೆ ನೋಡಿ, “ಇಂಥಾದ್ದೆಲ್ಲಾ ನಮ್ಮ ಮನ್ಯಾಗ ಯಾವಾಗೋ ಬಿಟ್ಟೇವಿ” ಎಂದ. ಹಾಗೆಂದವನು ಎದ್ದು ಹೊರಗೆ ಹೋದ. ಬೇಡ ಎಂದು ಮಾತ್ರ ಅನ್ನಲಿಲ್ಲ.

ಬಸ್ಸಿನಲ್ಲಿ ಆಗಬಾರದ್ದು ಆಗಿತ್ತು. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಕಿಟಕಿ ಪಕ್ಕ ಜಾಗ ಹಿಡಿದಿದ್ದಳು. ಗೋವಿನಜೋಳದ ಹೊಲಗಳು ಹಿಂದಕ್ಕೆ ಓಡುತ್ತಿದ್ದವು, ಗಾಳಿ ಕುತ್ತಿಗೆಯ ಬೆವರನ್ನು ಒರೆಸುತ್ತಿತ್ತು. ಮುಂದಿನ ಸೀಟಿನ ಕೂಸು ಅವಳ ಜಡೆ ಹಿಡಿದು ಎಳೆಯಿತು, ಅವಳು ನಕ್ಕಳು. ಬಂಕಾಪುರದ ಹತ್ತಿರ ಎಲ್ಲೋ ನವಿಲು ಕೂಗಿದಾಗ ಎಚ್ಚರವಾದಂತಾಗಿ ನೋಡುತ್ತಾಳೆ, ಅಷ್ಟು ದೂರದವರೆಗೆ ಆಯಿಯ ನೆನಪೇ ಇರಲಿಲ್ಲ. ಮೈ ಹಗುರವಾಗಿತ್ತು. ಯಾರೂ ಕರೆಯದ, ಯಾರನ್ನೂ ಹೊರಳಿಸಬೇಕಿಲ್ಲದ ಆ ಹಗುರಿನ ರುಚಿ ಇನ್ನೂ ಬಾಯಲ್ಲಿರುವಾಗಲೇ ಸೀಟಿನಲ್ಲಿ ನೆಟ್ಟಗೆ ಕೂತಳು. ಗೌಸಬಿ ಹೇಳಿದ್ದು ನಿಜವೇ ಆಗಿದ್ದರೆ, ಜೀವ ಬಿಟ್ಟುಹೋಗುವುದಕ್ಕೆ ಅಷ್ಟು ಹೊತ್ತು ಸಾಕಾಗಿತ್ತು. ಫೋನು ತೆಗೆದು ನೋಡಿದಳು. ಯಾವ ಕರೆಯೂ ಬಂದಿರಲಿಲ್ಲ. ಪಕ್ಕದ ಖಾಲಿ ಸೀಟಿನಲ್ಲಿ ಗೊರಗೊರ ಕೇಳಿತು. ಬಸ್ಸಿನ ಯಾವುದೋ ತಗಡು ಅದು, ಗೊತ್ತಿತ್ತು. ಆದರೂ ಶಿಗ್ಗಾಂವಿ ಬರುವ ತನಕ ಆ ಸೀಟಿನ ಮೇಲೆ ಯಾರನ್ನೂ ಕೂಡಲು ಬಿಡದೆ ರೊಟ್ಟಿಯ ಗಂಟು ಇಟ್ಟುಕೊಂಡಳು.

ಅವ್ವ ಕಳಿಸಿದ್ದು ಚಿಗವ್ವನ ಮಗ ರಾಜಕುಮಾರನ ಮೊಬೈಲ್ ಅಂಗಡಿಗೆ; ಅದು ಪೇಟೆಯ ಒಂದು ಸಂದಿಯಲ್ಲಿದೆ. ರವಿವಾರ ಅಲ್ಲಿ ಹಿಂದಿನ ಕೋಣೆಯಲ್ಲಿ ಹುಡುಗರು ಕೂಡಿ ಫೋನಿನಲ್ಲಿ ಪ್ರಾಣಿಗಳನ್ನು ಕಾದಾಡಿಸುವ ಆಟ ಆಡುತ್ತಾರೆ. ಇವತ್ತು ಶಿಗ್ಗಾಂವಿಯವರಿಗೂ ಸವಣೂರಿನವರಿಗೂ ಪಂದ್ಯ. ಶೈಲಶ್ರೀಗೆ ಆಟ ಕಲಿಸಿದವನು ಅವನೇ. ಆಯಿಯನ್ನು ನೋಡಿಕೊಳ್ಳಲು ಯಾರಾದರೂ ಮನೆಯಲ್ಲಿರಬೇಕೆಂದು ಅವಳನ್ನು ಒಂಬತ್ತನೆಯ ಇಯತ್ತೆಯಲ್ಲಿ ಸಾಲೆ ಬಿಡಿಸಿದ ವರ್ಷ, ಬ್ಯಾಸರಾಗಬಾರದೆಂದು ಒಂದು ಹಳೆ ಫೋನಿನಲ್ಲಿ ಹಾಕಿಕೊಟ್ಟಿದ್ದ. ಇವತ್ತು ಅವಳನ್ನು ನೋಡಿ ಅವನು ಜೋರಾಗಿ, “ಬಂದ್ಲು ನೋಡ್ರಿ ಚಿಕ್ಕೇರೂರು ಹುಲಿ!” ಎಂದು ಕೂಗಿ, ಆಮೇಲೆ ಹತ್ತಿರ ಬಂದು ದನಿ ಇಳಿಸಿ, “ದೊಡ್ಡವ್ವ ಹೇಳ್ಯಾಳ. ಸಂಜೀತನಕಾ ಇಲ್ಲೇ ಇರು. ಆಡು. ತಲಿ ಕೆಡಿಸ್ಕೋಬ್ಯಾಡ” ಎಂದ. ಅವನ ಮುಖದ ಮೇಲಿನ ಕನಿಕರ ನೋಡಲಾರದೆ ಅವಳು ಅವನ ಅಂಗಿಯ ಗುಂಡಿ ನೋಡಿದಳು.

ಒಳಗಿದ್ದ ಹುಡುಗರು ಕಾಲು ಮಡಚಿ ಜಾಗ ಮಾಡಿದರು. ಅಷ್ಟೂ ಜನರಲ್ಲಿ ಅವಳೊಬ್ಬಳೇ ಹುಡುಗಿ. ಜಾಗ ಬೇಕಾದ್ದಕ್ಕಿಂತ ಹೆಚ್ಚೇ ಮಾಡಿದ್ದರಿಂದ ಅವಳ ಸುತ್ತ ಚಾಪೆ ಬರಿದಾಗಿ ಉಳಿಯಿತು. ಎದುರಿಗೆ ಬಂದು ಕೂತವನು ಸವಣೂರಿನ ಇಮ್ರಾನ, ನಗುವ ಕಣ್ಣಿನವನು, ಬಾಯಿಯಲ್ಲಿ ಸೋಂಪು. ಅವನ ಪ್ರಾಣಿ ಬೆಂಕಿ ಗಿಡುಗ. ಅವಳದು ಕಲ್ಲೆಮ್ಮೆ. ಆಟದಲ್ಲಿ ಅದಕ್ಕೆ ಬೇರೆಯೇ ಹೆಸರಿತ್ತು, ಉಚ್ಚಾರ ಬರದೆ ಅವಳು ಕಲ್ಲೆಮ್ಮೆ ಎಂದೇ ಕರೆದಿದ್ದಳು: ಎಮ್ಮೆಯ ಮುಖ, ಬೆನ್ನ ಮೇಲೆ ಬಂಡೆಯ ಚಿಪ್ಪು, ಅರ್ಧ ಮುಚ್ಚಿದ ಕಣ್ಣು. ಅವರ ಕಾದಾಟ ಗೋಡೆಯ ಟಿವಿಯಲ್ಲಿ ದೊಡ್ಡದಾಗಿ ಕಾಣಿಸಿತು. ಯಾರೋ ಹಿಂದಿನಿಂದ, “ಅಯ್ಯ, ಇದನ್ನ ತಂದಾಳಲೇ! ನಾ ಹೋಗಿ ಊಟ ಮಾಡ್ಕೊಂಡು ಬರ್ತೇನಿ, ಬರೂದ್ರಾಗ ಒಂದ್ ಹೆಜ್ಜಿ ಇಟ್ಟಿರ್ತದ” ಎಂದ. ಎಲ್ಲರೂ ನಕ್ಕರು. ಇಮ್ರಾನನೂ ನಕ್ಕು, “ನಗಬ್ಯಾಡ್ರೋ, ಅಕ್ಕಾರು ಸಿಟ್ಟಾದಾರು” ಎಂದ. ಅಕ್ಕಾರು ಸಿಟ್ಟಾಗಲಿಲ್ಲ. ಕಿವಿ ಮಾತ್ರ ಬಿಸಿಯಾಗಿ, ಬೆರಳನ್ನು ಮೂಗಿನ ಹತ್ತಿರ ಒಯ್ದು ವಾಸನೆ ನೋಡಿಕೊಂಡಳು. ಇವರಿಗೂ ಬರುತ್ತಿದೆಯೇ? ಅದಕ್ಕೇ ಇಷ್ಟು ಜಾಗ ಬಿಟ್ಟರೇ?

ಆ ಆಟದಲ್ಲಿ ಪ್ರತಿ ಸುತ್ತಿಗೆ ಇಬ್ಬರೂ ಒಂದೊಂದು ಹುಕುಂ ಕೊಡಬೇಕು. ಚುರುಕಿನ ಪ್ರಾಣಿ ಮೊದಲು ಹೊಡೆಯುತ್ತದೆ, ನಿಧಾನದ್ದು ಆಮೇಲೆ. ಆದ್ದರಿಂದ ಎಲ್ಲರಿಗೂ ಚುರುಕಿನದೇ ಬೇಕು. ಮರಿ ಹಾಕಿಸುವಾಗ ಹುಡುಗರು ವೇಗದ ಮರಿಗಳನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ಅವಳು ತಿರುಗಾ ಮುರುಗಾ ಮಾಡಿದ್ದಳು. ಆಯಿ ಮಲಗಿರುವಾಗ, ಮಲಗಿದಳೋ ಸುಮ್ಮನೆ ಕಣ್ಣು ಮುಚ್ಚಿದಳೋ ತಿಳಿಯದ ಆ ಮಧ್ಯಾಹ್ನಗಳಲ್ಲಿ, ಗೋಡೆಗೆ ಒರಗಿ ಕೂತು, ಹುಟ್ಟಿದ ಮರಿಗಳಲ್ಲಿ ಎಲ್ಲಕ್ಕಿಂತ ಮಂದವಾದುದನ್ನು ಇಟ್ಟುಕೊಂಡು, ಅದರ ಮರಿಗಳಲ್ಲಿ ಇನ್ನೂ ಮಂದವಾದುದನ್ನು ಆರಿಸಿ, ಹೀಗೆ ಇಳಿಸುತ್ತ ಇಳಿಸುತ್ತ ಈ ಕಲ್ಲೆಮ್ಮೆಯನ್ನು ಮಾಡಿಕೊಂಡಿದ್ದಳು. ರಾಜಕುಮಾರ ಹಣೆ ಬಡಿದುಕೊಂಡಿದ್ದ. ಆದರೆ ಅವಳು ನೋಡಿ ನೋಡಿ ತಿಳಿದುಕೊಂಡಿದ್ದಳು: ಹೊಡೆತ ಮೊದಲು ಬಿದ್ದುಹೋಗಬೇಕು. ಎಲ್ಲ ಬಿದ್ದಾದ ಮೇಲೆ ಕಲ್ಲೆಮ್ಮೆ ಮೆಲುಕು ಹಾಕುತ್ತದೆ, ಕಳೆದುಕೊಂಡ ಕಸುವು ಮರಳಿ ತುಂಬುತ್ತದೆ, ಸುತ್ತು ಮುಗಿಯುವಾಗ ಅದು ಮತ್ತೆ ಇದ್ದ ಹಾಗೇ ಇರುತ್ತದೆ. ನಡುವೆ ಬಿಡುವಾದಾಗ ಒಂದು ವಿಷದ ಮುಳ್ಳು. ಎದುರಾಳಿ ಒಂದೇ ಸಮ ಹೊಡೆಯುತ್ತಾನೆ, ಅವನ ಪ್ರಾಣಿಯ ಒಳಗೆ ವಿಷ ಏರುತ್ತದೆ, ಅವನ ದೊಡ್ಡ ಹೊಡೆತಗಳು ಒಂದೊಂದಾಗಿ ತೀರುತ್ತವೆ. ಅವಳು ಗೆಲ್ಲುವುದಕ್ಕೆ ಏನೂ ಮಾಡಬೇಕಾಗಿಲ್ಲ. ಬೀಳದಿದ್ದರೆ ಸಾಕು. ಮನೆಯಲ್ಲೂ ಅಷ್ಟೇ ಅಲ್ಲವೇ ತಾನು ಮಾಡಿದ್ದು. ಹೊರಳಿಸುವುದು, ಒರೆಸುವುದು, ಒಂದು ಚಮಚ ಗಂಜಿ, ಮತ್ತೆ ಹೊರಳಿಸುವುದು. ಸಾಲೆಯ ಗೆಳತಿಯರು ಮದುವೆಯಾಗಿ ಕೂಸು ಎತ್ತಿಕೊಂಡು ಬಂದು ನೋಡಿ ಹೋದರು. ಆಯಿಯ ಪಕ್ಕದಲ್ಲಿ ಕಾಲ ಇದ್ದಲ್ಲೇ ಇತ್ತು.

ಗಿಡುಗ ಎರಗಿತು. ಟಿವಿಯಲ್ಲಿ ಬೆಂಕಿ ಹರಡಿ ಕೋಣೆಯ ಮುಖಗಳೆಲ್ಲ ಕೆಂಪಾದವು. ಕಲ್ಲೆಮ್ಮೆಯ ಜೀವದ ಪಟ್ಟಿ ಸರ್ರನೆ ಇಳಿದು ಅರ್ಧಕ್ಕಿಂತ ಕೆಳಗೆ ಬಂತು. ಅವಳು ಮೆಲುಕಿನ ಹುಕುಂ ಒತ್ತಿದಳು. ಅದರ ದವಡೆ ಆಡಿತು, ಪಟ್ಟಿ ಮೇಲೇರಿತು. ಮತ್ತೆ ಬೆಂಕಿ. ಮತ್ತೆ ಮೆಲುಕು. ಒಂದು ಸಲ ಪಟ್ಟಿ ಎಷ್ಟು ತೆಳುವಾಯಿತೆಂದರೆ ಹುಡುಗರು “ಹೋತ, ಹೋತ” ಎಂದು ಎದ್ದೇ ನಿಂತರು, ಅವಳ ಕೈ ತೊಡೆಯ ಮೇಲಿದ್ದ ಫೋನು ಬಿಗಿಯಾಗಿ ಹಿಡಿಯಿತು. ಈಗ ಇದು ಬಿದ್ದರೆ ಅಲ್ಲಿಯೂ ಮುಗಿಯುತ್ತದೆ ಎಂಬ ಮಾತು ಯಾರೋ ಕಿವಿಯಲ್ಲಿ ಅಂದ ಹಾಗೆ ಬಂತು. ಸುಳ್ಳು. ಇಂಥದ್ದನ್ನು ನಮ್ಮ ಮನೆಯಲ್ಲಿ ಬಿಟ್ಟಿದ್ದೇವೆ. ಬಿಟ್ಟಿದ್ದರೆ ನಾನು ಇಲ್ಲಿ ಯಾಕೆ ಕೂತಿದ್ದೇನೆ? ಟಿವಿಯ ಗದ್ದಲದ ಕೆಳಗೆ ಗೊರಗೊರ ಮತ್ತೆ ಶುರುವಾಗಿತ್ತು. ಎಳೆದುಕೊಳ್ಳುವುದು, ನಿಲ್ಲುವುದು, ನಿಂತದ್ದು ಮತ್ತೆ ಎಳೆದುಕೊಳ್ಳುವ ತನಕ ಅವಳೂ ಉಸಿರು ಹಿಡಿಯುವುದು. ಅದಕ್ಕೆ ಸರಿಯಾಗಿ ಹುಕುಂ ಒತ್ತತೊಡಗಿದಳು.

ಇಮ್ರಾನನ ನಗು ಕಡಿಮೆಯಾಗಿತ್ತು. “ಅಕ್ಕಾರ, ಹೊಡೀರಲ್ಲ ಒಮ್ಮೆರೆ.”

ಅವಳು ಮತ್ತೆ ಮೆಲುಕು ಒತ್ತಿದಳು.

“ಏನ್ ಆಟರೀ ಇದು? ತಾನೂ ಸಾಯಂಗಿಲ್ಲ, ನಮ್ಮನ್ನೂ ಸಾಯಾಕ ಬಿಡಂಗಿಲ್ಲ!”

ಕೋಣೆ ನಕ್ಕಿತು. ಇದೇ ಮಾತು, ಅಕ್ಷರ ಬದಲಾಗದೆ, ಹೋದ ವಾರ ಅವ್ವನ ಬಾಯಿಂದ ಬಿದ್ದಿತ್ತು. ಬೀಜದ ಪ್ಲಾಟಿನಲ್ಲಿ ದಿನವೆಲ್ಲ ಕೂಲಿಗೆ ಹೂವಿನ ಪರಾಗ ಹೂವಿಗೆ ಮುಟ್ಟಿಸಿ ಕ್ರಾಸ್ ಮಾಡಿ, ಕಣ್ಣು ಕೆಂಪಗೆ ಮಾಡಿಕೊಂಡು ಬಂದವಳು, ಹಿತ್ತಲಿನಲ್ಲಿ ಆಯಿಯ ಬಟ್ಟೆ ಹಿಂಡುತ್ತ, ಯಾರಿಗೂ ಅಲ್ಲದ ಹಾಗೆ ಅಂದದ್ದು. ಅಂದವಳೇ ತಿರುಗಿ ಬಾಗಿಲಲ್ಲಿ ಮಗಳನ್ನು ಕಂಡು, ಹಿಂಡಿದ್ದನ್ನೇ ಮತ್ತೆ ಹಿಂಡಿದ್ದಳು. ಆಗ ಶೈಲಶ್ರೀಗೆ ಅವ್ವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಯಾರೋ ಕೊನೆಗೂ ಅಂದರಲ್ಲ ಎಂದು ಒಳಗೆ ಸಡಿಲವಾಗಿತ್ತು, ಅದು ಈಗ, ಇಷ್ಟು ಗಂಡುಹುಡುಗರ ನಡುವೆ, ನಾಚಿಕೆಯಾಗಿ ಮುಖಕ್ಕೆ ಏರಿತು.

“ಬಿಟ್ಟಬಿಡ್ರೀ,” ಇಮ್ರಾನ ಈಗ ಹಾಸ್ಯಕ್ಕೆ ಕೈ ಮುಗಿದ. “ಅದರ ಮುಖಾ ನೋಡ್ರಿ ಪಾಪ. ಅದಕ್ಕೂ ಸಾಕಾಗೇತಿ.”

ಅವಳು ನೋಡಿದಳು. ಇಷ್ಟು ವರ್ಷ ಆಡಿದರೂ ಅವಳು ನೋಡುತ್ತಿದ್ದುದು ಪಟ್ಟಿಯನ್ನು, ಎಷ್ಟು ಇಳಿಯಿತು ಎಷ್ಟು ಏರಿತು ಎನ್ನುವುದನ್ನು. ಟಿವಿಯಷ್ಟು ದೊಡ್ಡದಾಗಿ ಅದರ ಮುಖ ಕಂಡಿರಲಿಲ್ಲ. ಅರ್ಧ ಮುಚ್ಚಿದ ಕಣ್ಣು ಎಲ್ಲಿಯೂ ನೋಡುತ್ತಿರಲಿಲ್ಲ. ಯಾರೋ ಬರೆದ ಚಿತ್ರ ಅದು, ಅದಕ್ಕೆ ಸಾಕಾಗುವುದೂ ಇಲ್ಲ ಬೇಕಾಗುವುದೂ ಇಲ್ಲ ಎಂದು ತಿಳಿದಿದ್ದರೂ, ಮೆಲುಕು ಹಾಕಲೆಂದು ದವಡೆ ಆಡಿದಾಗ ಅವಳಿಗೆ ಕಂಡದ್ದು ತನ್ನ ಬೆರಳು. ದವಡೆ ಆಡಿಸುತ್ತಿರುವುದು ಬೆರಳು. ಕಲ್ಲೆಮ್ಮೆಯನ್ನು ಯಾರೂ ಕೇಳಿರಲಿಲ್ಲ. ಹೊಡೆತ ತಿನ್ನುವುದು ಅದು, ನಿಂತೇ ಇರಬೇಕೆನ್ನುವುದು ತಾನು. ಅದು ಬಿದ್ದರೆ ತನ್ನ ಹತ್ತಿರ ಬೇರೆ ಪ್ರಾಣಿಯಿಲ್ಲ, ಇನ್ನೊಂದನ್ನು ಬೆಳೆಸಲೇ ಇಲ್ಲ. ಅದು ಬಿದ್ದರೆ ತಾನು ಈ ಚಾಪೆಯಿಂದ ಎದ್ದು ಎಲ್ಲಿಗೆ ಹೋಗಬೇಕು?

ಆದರೂ ಬೆರಳು ಒತ್ತಿತು. ಬಿಡುವುದಕ್ಕೂ ಒಂದು ಅಭ್ಯಾಸ ಬೇಕು, ಅವಳಿಗೆ ಇದ್ದದ್ದು ಹಿಡಿಯುವ ಅಭ್ಯಾಸ. ವಿಷ ಏರಿದ ಗಿಡುಗ ರೆಕ್ಕೆ ಜೋತುಬಿಟ್ಟಿತ್ತು. ಇಮ್ರಾನನ ಹೊಡೆತಗಳು ತೀರಿದ್ದವು. ಅವನು ಸೋಂಪು ಉಗಿದು, ಸೋಲು ಒಪ್ಪುವ ಗುಂಡಿ ಒತ್ತಿ, ಫೋನನ್ನು ಚಾಪೆಯ ಮೇಲೆ ಬೋರಲು ಇಟ್ಟ. “ಗೆದ್ರಿ ಬಿಡ್ರಿ ಅಕ್ಕಾರ,” ಎಂದ ದನಿಯಲ್ಲಿ ಈಗ ಚೇಷ್ಟೆ ಇರಲಿಲ್ಲ, ದಣಿವು ಇತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ರಾಜಕುಮಾರ ಒಬ್ಬನೇ, “ನಗು ಲೇ, ಗೆದ್ದೀಯಲ್ಲ” ಎಂದು ಅವಳ ತಲೆಗೆ ಮೆಲ್ಲಗೆ ಮೊಟಕಿದ. ಅವಳು ಎದ್ದಳು.

“ಎಲ್ಲಿಗೆ? ಇನ್ನೊಂದು ಆಟ ಐತಿ.”

“ನಾ ಊರಿಗೆ ಹೋಗ್ತೇನಣ್ಣಾ.”

“ದೊಡ್ಡವ್ವ ಫೋನ್ ಮಾಡಿಲ್ಲಲ್ಲ.”

“ಅದಕ್ಕ ಹೋಗ್ತೇನಿ.”

ಅವನು ಬಾಗಿಲಿಗೆ ಅಡ್ಡ ನಿಂತ, ಆಮೇಲೆ ಅವಳ ಮುಖ ನೋಡಿ ಸರಿದ. ಬಸ್‌ಸ್ಟ್ಯಾಂಡಿನವರೆಗೂ ಬಂದು, ಒಂದು ನೀರಿನ ಬಾಟಲಿ ಕೈಗಿಟ್ಟು ಹೋದ. ಮರಳಿ ಬರುವ ದಾರಿಯಲ್ಲಿ ಅವಳು ಆಟ ತೆರೆಯಲಿಲ್ಲ. ಆಯಿ ಇದ್ದರೆ ಏನೆನ್ನುವುದು, ಇಲ್ಲದಿದ್ದರೆ ಏನೆನ್ನುವುದು ಎಂದು ಹುಡುಕಿದರೆ ಎರಡಕ್ಕೂ ಒಂದೂ ಮಾತು ಸಿಗಲಿಲ್ಲ. ಹಾನಗಲ್ಲಿನಲ್ಲಿ ಬಸ್ಸು ಸಿಗದೆ ನಿಂತಾಗ, ಬೇಗ ಮುಟ್ಟಬೇಕೋ ತಡವಾಗಿ ಮುಟ್ಟಬೇಕೋ ಅದೂ ತಿಳಿಯಲಿಲ್ಲ.

ಓಣಿಗೆ ಇಳಿಬಿಸಿಲು ಬಿದ್ದಿತ್ತು. ಮನೆಯ ಮುಂದೆ ಜನ ಕೂಡಿರಲಿಲ್ಲ. ಅವ್ವ ಹೊಸ್ತಿಲ ಮೇಲೆ ಕೂತಿದ್ದಳು, ಕೂದಲು ಬಿಚ್ಚಿತ್ತು, ಮುಂಜಾನೆಯ ಸೀರೆಯೇ ಇತ್ತು. ಮಗಳನ್ನು ಕಂಡು ಎದ್ದಳು, ಬಯ್ಯಲು ಬಾಯಿ ತೆರೆದಳು, “ಫೋನ್ ಮಾಡಿದ್ನೇನ ನಿನಗ?” ಎಂದಷ್ಟೇ ಬಂತು.

“ಇಲ್ಲ.”

“ಮತ್ತ?”

ಶೈಲಶ್ರೀ ಒಳಗೆ ನೋಡಿದಳು. ಗೊರಗೊರ ಇತ್ತು. ಇಡೀ ದಿನ ಕಿವಿಯಲ್ಲಿ ಹೊತ್ತು ತಿರುಗಿದ್ದಕ್ಕಿಂತ ಸಣ್ಣದು, ದೂರದ್ದು.

“ಹೋಗಿಲ್ಲ,” ಅವ್ವ ಅಂದಳು. “ನಿನ್ನ ದಾರಿ ನೋಡ್ತಾಳ ಅಂದಿದ್ಲು ಗೌಸಬಿ. ಮುದುಕಿ ಬಾಗಲಾ ಕಡೆ ಒಮ್ಮೆನೂ ನೋಡ್ಲಿಲ್ಲ. ಮುಂಜಾಲಿಂದ ನನ್ನ ಮುಖಾನ ನೋಡಾಕತ್ತಾಳ. ನಾ ಅತ್ಲಾಗ ಹೋದ್ರ ಅತ್ಲಾಗ, ಇತ್ಲಾಗ ಬಂದ್ರ ಇತ್ಲಾಗ. ನೀರು ಹಾಕಿದ್ನಿ, ನೆತ್ತಿಗೇರಿತು. ನನ್ನ ಕೈಯಾಗ ಹೋದ್ಲು ಅಂತ ಜೀವಾ ಹಾರೇತಿ ನಂದು. ನೀ ಹಾಕು ಬಾ. ನಿನ್ನ ಕೈಲೆ ಇಳೀತದ.” ಮುಂಜಾನೆ ಕಳಿಸಿದ ಅದೇ ಕೈ ಅವಳ ರಟ್ಟೆ ಹಿಡಿದು ಒಳಗೆ ಎಳೆಯಿತು. ಅಡುಗೆ ಮನೆಯಿಂದ ಬಟ್ಟಲು ತಂದುಕೊಟ್ಟು ಅವ್ವ ಬೆನ್ನ ಹಿಂದೆ ನಿಂತಳು.

ಆಯಿಯ ಕಣ್ಣು ತೆರೆದಿದ್ದವು. ಶೈಲಶ್ರೀ ಪಕ್ಕದಲ್ಲಿ ಕೂತು ಚಮಚವನ್ನು ತುಟಿಗೆ ಹಿಡಿದಳು. ತುಟಿ ಒಣಗಿ ಬಿರುಕು ಬಿಟ್ಟಿದ್ದವು. ಅವು ಮುಚ್ಚಿಕೊಂಡವು, ಅವಳು ಕಣ್ಣಾರೆ ನೋಡುತ್ತಿರುವಾಗ, ಮೆಲ್ಲಗೆ, ಬಿಗಿಯಾಗಿ. ಇದು ಹೊಸದಲ್ಲ. ಎಷ್ಟೋ ತಿಂಗಳಿಂದ ಅವು ಹೀಗೇ ಮುಚ್ಚಿಕೊಳ್ಳುತ್ತಿದ್ದವು. ಗದ್ದದ ಕೆಳಗಿನ ಮೆತ್ತನೆಯ ಜಾಗದಲ್ಲಿ ಬೆರಳಿಟ್ಟು ಮೇಲಿನಿಂದ ಕೆಳಗೆ ಒಮ್ಮೆ ಸವರಿದರೆ ದವಡೆ ತಾನಾಗಿ ಸಡಿಲಾಗುತ್ತದೆ, ಆ ಕ್ಷಣಕ್ಕೆ ಚಮಚ ಓರೆ ಮಾಡಿದರೆ ನೀರು ಒಳಗಿಳಿಯುತ್ತದೆ. ಹೇಗೋ ಒಂದು ದಿನ ಕೈಗೆ ಸಿಕ್ಕ ಉಪಾಯ ಅದು, ಯಾರಿಗೂ ತೋರಿಸಿರಲಿಲ್ಲ. ಮೊಮ್ಮಗಳ ಕೈಯಲ್ಲಿ ಮಾತ್ರ ಕುಡಿಯುತ್ತಾಳೆ, ಎಷ್ಟು ಜೀವ ಅವಳ ಮೇಲೆ, ಎಂದು ಓಣಿಯವರೆಲ್ಲ ಅಂದಾಗ ತಲೆ ತಗ್ಗಿಸಿ ಕೂತಿದ್ದಳು, ಆ ಮಾತು ಮೈಗೆ ಹಿತವಾಗಿತ್ತು. ಈಗಲೂ ಎಡಗೈ ಎದ್ದು ಗದ್ದದ ಕೆಳಗೆ ಹೋಯಿತು. ಬೆರಳು ಆ ಮೆತ್ತನೆಯ ಜಾಗ ಮುಟ್ಟಿತು. ಚರ್ಮದ ಕೆಳಗೆ ಉಸಿರು ಹಾದುಹೋಗುವುದು ಬೆರಳಿಗೆ ತಿಳಿಯಿತು. ಆಯಿಯ ಕಣ್ಣು ಅವ್ವನಿಂದ ಹೊರಳಿ ಅವಳ ಮೇಲೆ ಬಂದವು. ಅವುಗಳಲ್ಲಿ ಅವಳು ಅಂಜಿದ್ದ ಬೈಗುಳವೂ ಇರಲಿಲ್ಲ, ಬಯಸಿದ್ದ ಮಮತೆಯೂ ಇರಲಿಲ್ಲ. ನೋಡುತ್ತಿದ್ದವು, ಅಷ್ಟೇ.

“ಯಾಕ ಕುಂತೀ?” ಹಿಂದಿನಿಂದ ಅವ್ವ ಅಂದಳು. “ಹಾಕವಾ. ಬಾಯಿ ತಗಸು.”

ಶೈಲಶ್ರೀ ಬೆರಳು ತೆಗೆದಳು. ಚಮಚವನ್ನು ಬಟ್ಟಲಿನಲ್ಲಿ ಇಟ್ಟಳು, ಸೆರಗಿನ ತುದಿ ನೆನೆಸಿ ತುಟಿಯ ಬಿರುಕುಗಳ ಮೇಲೆ ಒತ್ತಿದಳು.

“ಬ್ಯಾಡಂತವಾ.”

“ಯಾರು ಹೇಳಿದ್ರು?”

ತುಟಿ ಬಿಗಿದ ಆಯಿಯ ಮುಖ ಅವ್ವನಿಗೆ ಕಾಣಲೆಂದು ಶೈಲಶ್ರೀ ಕೂತಲ್ಲಿಂದ ಪಕ್ಕಕ್ಕೆ ಸರಿದಳು.